ಹಸಿಯದೋ, ಒಣಗಿದ್ದೋ

ಡಾಕ್ಟರು ಪರದೆಯ ಮೇಲೆ ತೋರಿಸಿ
ಮೆಣಸಿನ ಕಾಳಿನಷ್ಟು ಎಂದರು.
ಗೋಣಿಕೊಪ್ಪಲಿನ ಮಂಡಿಯಲ್ಲಿ ಹತ್ತೊಂಬತ್ತು ವರ್ಷ
ಜರಡಿ ಹಿಡಿದವಳು ನಾನು, ಕೇಳಿದೆ:
ಹಸಿಯದೋ, ಒಣಗಿದ್ದೋ?

ನಕ್ಕರು. ಆಮೇಲೆ ನಗಲಿಲ್ಲ.
ನೆತ್ತರ ಬಳ್ಳಿ ಕವಲೊಡೆಯುವಲ್ಲಿ ಉಬ್ಬಿದ ಹಸಿ ಕಾಳು;
ಬುರುಡೆ ತೆರೆದು, ಒಡೆಯುವ ಮೊದಲೇ
ತೊಟ್ಟಿಗೆ ಕ್ಲಿಪ್ಪು.

ಬಳ್ಳಿ ಅಲುಗದಂತೆ ಮೆಣಸು ಬಿಡಿಸುವ ಕೈ
ಏಣಿಯ ಮೇಲಿನ ಚಾತನದು ಮಾತ್ರ ಅಂದುಕೊಂಡಿದ್ದೆ.

ಈಗ ಕೆಂಪು ವಸ್ತ್ರ ಬಿಗಿದು ಮತ್ತೆ ಜರಡಿ.
ಬೋಳಿಸಿದ ಕಡೆ ಹೊಸ ಕೂದಲು ಚುಚ್ಚುತ್ತದೆ.
ಗಂಡ ಉತ್ತಯ್ಯನ ಹೆಸರು ಬಂತು, ತಂಗಿ ಬೊಳ್ಳವ್ವನದೂ.
ಸೋಮವಾರ ಮಾತ್ರ ನಾಲಿಗೆಗೆ ಸಿಗುವುದಿಲ್ಲ,
ಸಂತೆಯ ಮಾರನೇ ದಿನ ಎನ್ನುತ್ತೇನೆ.
ನಡೆಯುತ್ತದೆ.

ನಿನ್ನೆ ಜರಡಿಗೆ ಬಿದ್ದಿತ್ತು ಒಂದು ಹಸಿ ಕಾಳು.
ಬೆರಳ ನಡುವೆ ಒತ್ತಿದೆ,
ಒಡೆಯುವ ಮೊದಲು
ಬಿಟ್ಟೆ.