ಉತ್ತರ ಮೇಲಿಲ್ಲ

"ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ," ಅಂದೆ.
ಹದಿನಾರು ವರ್ಷದಿಂದ ಹಾಗೇ ಹೇಳಿಕೊಂಡು ಬಂದವಳು.
ಮುಬೀನಾ ಕೈಯೆತ್ತಿದಳು.
ಏನೋ ಕೇಳಲಿಕ್ಕೆ ಅಂದುಕೊಂಡೆ; ಅಲ್ಲ,
ಸೂರಿನ ಕಡೆ ತಡಕುತ್ತಿದ್ದಳು:
"ಎಷ್ಟು ಮೇಲೆ ಟೀಚರ್? ಫ್ಯಾನಿಗಿಂತ?"

ಯಾರೋ ನಕ್ಕರು.
ಹುಟ್ಟಿನಿಂದ ಕಣ್ಣು ಕಾಣದ ಹುಡುಗಿಗೆ
ಮೊಳೆಗೆ ನೇತುಹಾಕಿದ ನಾಡು
ಹಳೇ ಬಟ್ಟೆಯ ವಾಸನೆ, ಅಷ್ಟೇ.

ಮರುದಿನ ಅಂಗಳದಲ್ಲಿ ಅವಳ ಭುಜ ಹಿಡಿದು
ಎಳೆಬಿಸಿಲು ಬಲಗೆನ್ನೆಗೆ ತಾಗುವಂತೆ ತಿರುಗಿಸಿದೆ.
"ಈಗ ನಿನ್ನ ಮೂಗು ಎತ್ತ ಇದೆಯೋ ಅದು ಉತ್ತರ."
"ಹಾಗಾದ್ರೆ ಚಿಂತಾಮಣಿ ಬಸ್ಸು
ಪೂರ್ವಕ್ಕೆ ಹೋಗೋದು!"

ನಕ್ಷೆಯನ್ನೂ ನೆಲಕ್ಕಿಳಿಸಿದೆ.
ಶಿಡ್ಲಘಟ್ಟದಲ್ಲಿ ಎಳೆಗೇನು ಬರ?
ಗಡಿಗೆ ಹುಣಸೆಬೀಜ,
ಬೆಟ್ಟಕ್ಕೆ ಚಿಟ್ಟೆ ಕೊರೆದು ಹೋದ ಗೂಡು,
ಹೊಳೆಗಳಿಗೆ ಅವಳಮ್ಮ ಕೊಟ್ಟ ಒರಟು ರೇಷ್ಮೆ.
ನಂದಿಯ ಗೂಡಿನಿಂದ ಪಿನಾಕಿನಿ ಹೊರಟಳು.

ಮುಬೀನಾ ಬೆರಳಿಟ್ಟಳು.
ಕುದಿನೀರಲ್ಲಿ ಎಳೆಯ ತುದಿ ಹುಡುಕುವವರ
ಮನೆಯ ಬೆರಳು; ಅವಸರವಿಲ್ಲ.
ಗೌರಿಬಿದನೂರಿನ ಹತ್ತಿರ ನಿಂತಿತು.
"ಇಲ್ಲಿ ಕಡಿದಿದೆ."
ನಿಜ, ಅಂಟು ಸಾಲದೆ ಬಿಟ್ಟುಕೊಂಡಿತ್ತು.
"ಹೊಳೇನೂ ಅಲ್ಲಿ ಹಾಗೇ," ಅಂದ ಚರಣ,
"ನಮ್ಮಜ್ಜಿ ಊರಲ್ಲಿ ಹೊಳೇಲೇ ಕ್ರಿಕೆಟ್ಟು."
ಅವಳಿಗೆ ಅದೆಲ್ಲ ಕೇಳಿಸಲೇ ಇಲ್ಲ.
ಬೆರಳು ನೆಕ್ಕಿ, ತುದಿಗೆ ತುದಿ ಹೊಸೆದು
ಗಂಟು ಹಾಕಿದಳು.

ಬೀಜದ ಸಾಲು ದಾಟಿ
ಎಳೆ ಎರಡು ಮೊಳ ಉಳಿದಿತ್ತು. ಕತ್ತರಿ ತೆಗೆದೆ.
ಸದ್ದಿಗೇ ಗೊತ್ತಾಯಿತು ಅವಳಿಗೆ:
"ಬೇಡಿ ಟೀಚರ್. ಹೊಳೆ ಗಡೀಲಿ ನಿಲ್ಲುತ್ತಾ?"
ಇಲ್ಲ, ಆಂಧ್ರ ಹಾಯ್ದು ಸಮುದ್ರಕ್ಕೆ.

"ಸಮುದ್ರ ನಮ್ದು."
ಯಾರದೀ ದನಿ?
ಜೂನಿನಿಂದ ಹಾಜರಿಗೂ ಬಾಯಿಬಿಡದ ತ್ರಿನಾಥ,
ನೂಲು ಬಿಚ್ಚುವ ಕೆಲಸಕ್ಕೆ ಒಡಿಶಾದಿಂದ ಬಂದವರ ಮಗ.
ಅವನ ಊರು ನನ್ನ ನಕ್ಷೆಯಲ್ಲಿಲ್ಲ.
ಬೀಜದಾಚೆ ಬರೀ ಸಿಮೆಂಟು ನೆಲ.
ಅದರ ಮೇಲೇ ಅಂಬೆಗಾಲಿಟ್ಟು
ಎಳೆಯ ತುದಿಯಿಂದ ಉದ್ದಕ್ಕೆ ಹೋಗಿ,
ಮೇಜು ದಾಟಿ, ನೀರಿನ ಬಿಂದಿಗೆ ದಾಟಿ,
ಬಾಗಿಲ ಹೊಸಿಲ ಬಳಿ ರಬ್ಬರು ಇಟ್ಟ: "ಇಲ್ಲಿ."

ಮುಬೀನಾ ನೆಲ ಸವರುತ್ತ ಹಿಂದೆಯೇ ಬಂದಳು.
"ಅಬ್ಬಾ, ದೂರ," ಅಂದಳು, ರಬ್ಬರು ಸಿಕ್ಕ ಮೇಲೆ.

ಮುಂದಿನ ತಿಂಗಳು ಸಾಹೇಬರು ಬಂದರು,
ಹೊಸಿಲಲ್ಲಿ ರಬ್ಬರು ತುಳಿದರು.
ಗೋಡೆಯ ಖಾಲಿ ಮೊಳೆ ನೋಡಿ ಕೇಳಿದರು:
"ಎಲ್ಲಿ, ಉತ್ತರ ಯಾರು ತೋರಿಸ್ತೀರಿ?"
ಮುಬೀನಾ ಎದ್ದಳು.
ಕಿಟಕಿಯ ಬಿಸಿಲನ್ನು ಮುಖದಲ್ಲೇ ಹುಡುಕಿ
ಮೆಲ್ಲಗೆ ತಿರುಗಿದಳು.

ಮಧ್ಯಾಹ್ನ ಮೂರೂವರೆ.
ಈ ಸಲ ಎಡಗೆನ್ನೆ.