ಲೈನ್ ನೋಡಾಂವ

ಚೌಬಾರಾದ ಹಿಂದಿನ ಓಣಿ, ಮುಂಜಾನಿ ಏಳಕ್ಕ ಫೋನ್:
"ಬಚ್ಚಲ ನೀರು ತಿರುಗಿ ಬರ್ಲತ್ತಾವ,
ದೇವರ ಖೋಲಿ ಹೊಸ್ತಿಲ ತನ ಬಂದಾವ, ಲಗೂ ಬರ್ರಿ."
ನೀರು ತಿರುಗಿ ಬಂದಾಗಷ್ಟೇ
ನಮ್ಮಂಥವರ ನಂಬರ್ ನೆನಪಾಗ್ತದ.

ಕೆಂಪು ಕಲ್ಲಿನ ಮನಿ, ಅಂಗಳದಾಗ ಚೇಂಬರು.
ಮುಚ್ಚಳ ಎತ್ತಿದೆ.
ನಾಗಿಣಿಬಾಯಿ ಸೆರಗು ಮೂಗಿಗೆ ಹಿಡಿದು
ಕೇಳದಿದ್ದರೂ ಹೇಳಿದರು:
"ನೋಡೋದೇನದ? ಸೊಸಿ ಒಗೀತಾಳ.
ಕೂದಲಾ, ಅನ್ನಾ, ಇನ್ನಾ ಏನೇನೋ.
ಬಂದು ಮೂರು ವರ್ಷ ಆಯ್ತು, ಅಂದಿನಿಂದ ಇದೇ."
ಸೊಸಿ ಕಸಬರಿಗಿ ಹಿಡಿದು ನೀರು ಹೊರಗ ದೂಡ್ಲತ್ತಿದ್ದಳು.
ದೂಡಿದಷ್ಟೂ ಬರ್ಲತ್ತಿತ್ತು.
ಏನೂ ಅನ್ನಲಿಲ್ಲ.

ನಮ್ಮಪ್ಪ ಘಾಳೆಪ್ಪ ಲಂಗೋಟಿ ಮ್ಯಾಗ ಇಳೀತಿದ್ದ,
ಬಿದಿರಿನ ಸೀಳು ಕೈಯಾಗ.
ಕಣ್ಣು ಮುಚ್ಚಿ ಅಂಗಾಲಿಲೆ ನೋಡ್ತಿದ್ದ:
ಇಲ್ಲಿ ಕಲ್ಲು, ಇಲ್ಲಿ ಬೇರು, ಇಲ್ಲಿ ಒಡೆದದ.
ಅಂವ ಹೇಳಿದ್ದು ಯಾರೂ ನಂಬ್ತಿರಲಿಲ್ಲ,
ಇಳಿದು ನೋಡವರು ಯಾರು?
ನಾ ಇಳಿಯೋದಿಲ್ಲ.
ನನ್ನ ಬದಲಿ ಇದು ಇಳೀತದ,
ಹುಣಚಿ ಬೀಜದಷ್ಟು ಕಣ್ಣು, ಸುತ್ತ ಆರು ದೀಪ,
ಹಿಂದ ಮೂವತ್ತು ಮೀಟರ್ ಹಳದಿ ಬಾಲ.
ಇದರ ಮ್ಯಾಗ ಇನ್ನಾ ಏಳು ಕಂತು ಬಾಕಿ ಅದ.

ಸೂಟಕೇಸಿನಾಗಿನ ಸ್ಕ್ರೀನ್ ಹಚ್ಚಿದೆ.
ಒಂದು ಮೀಟರ್: ಸಬ್ಬಿನ ನೊರಿ, ಒಂದು ಜಿರಳಿ
ಬೆಳಕಿಗೆ ಗಾಬರಿಯಾಗಿ ಮೀಸಿ ತಿರುವಿತು.
ಎರಡು: ಕರೀ ಗ್ವಾಡಿ ಮ್ಯಾಗ ನೀರಿನ ಬೆಳ್ಳಿ ಎಳಿ,
ಬಿದ್ರಿ ಹೂಜಿ ಒಳಗ ಹೊಕ್ಕಂಗ.
ಹೇಳಿದರ ಬೈತಾರ, ಹೇಳಲಿಲ್ಲ.
ನೌಬಾದದ ಸುರಂಗ ಬಾವಿ ನೋಡ್ಲಾಕ
ಎಲ್ಲೆಲ್ಲಿಂದೋ ಜನ ಬರ್ತಾರ, ಫೋಟೋ ಹೊಡೀತಾರ.
ಈ ಸುರಂಗಕ್ಕ ನಾ ಒಬ್ಬನೇ.

ನಾಲ್ಕು. ಐದೂವರೆ.
ಕೂದಲ ಇತ್ತು, ಸುಳ್ಳಲ್ಲ. ಬೆರಳಿನಷ್ಟು ಉಂಡಿ.
ಬಿಳೀ ಕೂದಲ.
ನಾ ಸ್ಕ್ರೀನ್ ನೋಡಿದೆ,
ನಾಗಿಣಿಬಾಯಿ ಗ್ವಾಡಿ ನೋಡಿದರು.

ಏಳು. ಬಾಲ ಭಾರ ಆಯ್ತು, ತಿರುವಿ ದೂಡಿದೆ.
ಒಂಬತ್ತಕ್ಕ ಕಣ್ಣು ಏನಕ್ಕೋ ಹಣಿ ಹಚ್ಚಿ ನಿಂತಿತು.
ರಾಡಿ ಕೂಡಲಿ ಅಂತ ಕಾದೆ.
ತಿಳಿಯಾದ ಮ್ಯಾಗ ಕಂಡಿತು:
ಕಲ್ಲಾಗಿ ಹೋದ ಸಿಮೆಂಟಿನ ದಿಬ್ಬ, ಪೈಪಿನ ಅರ್ಧಕ್ಕರ್ಧ,
ಅದರಾಗ ಹೂತು ನಿಂತ ಕರಣಿ,
ಹಿಡಿ ಮ್ಯಾಗ ಮಾಡಿ,
ಯಾರೋ ಈಗ ಬಂದು ತಗೋತಾರ ಅನ್ನಂಗ.

"ಈ ಲೈನ್ ಹಾಕಿಸಿದ್ದು ಯಾವಾಗ್ರಿ?"
ಒಂದು ಗಳಿಗಿ ಯಾರೂ ಹೇಳಲಿಲ್ಲ.
ಪಡಸಾಲಿ ಒಳಗಿಂದ ಹಾರ ಹಾಕಿದ ಫೋಟೋ
ನಮ್ಮನ್ನೇ ನೋಡ್ಲತ್ತಿತ್ತು.
ಹನ್ನೊಂದು ವರ್ಷದ ಹಿಂದ, ಯಜಮಾನರು ತಾವೇ ನಿಂತು,
ಗೌಂಡಿ ಖಾಜಾಮಿಯಾಗ ದಿನಾ ಲೆಕ್ಕ ಹೇಳಿ,
ಕಡೀ ದಿನ ಕೂಲಿ ಸಲುವಾಗಿ ಜಗಳಾಗಿ
ಅಂವ ಕರಣಿ ಸೈತ ತಗೊಳ್ಳದೆ ಹೋಗಿದ್ದ.
"ಎಲ್ಲೋ ಕಳೀತು ಅಂದ್ಕೊಂಡಿದ್ವಿ," ಅಂದರು, ಸಣ್ಣ ದನಿಲೆ.
ಎಂಟು ವರ್ಷ ನೀರು ಸಂದಿ ಹಿಡಿದು ಹೋಗ್ಯಾವ.
ಆಮ್ಯಾಗ ಸೊಸಿ ಬಂದಾಳ.

ಜಗದೇವಿ ಕಸಬರಿಗಿ ಗ್ವಾಡಿಗಾನಿಸಿ ಬಂದಳು,
ಒದ್ದಿ ಕಾಲು, ಮೊಣಕಾಲ ತನ ಎತ್ತಿ ಕಟ್ಟಿದ ಸೀರಿ.
ಸ್ಕ್ರೀನಿನ ಮುಂದ ಕುಂತಳು, ಬಾಳ ಹೊತ್ತು.
ಅತ್ತಿ ಚಹಾ ತಂದರು.
ನನಗ ಪ್ಲಾಸ್ಟಿಕ್ ಕಪ್ಪಿನಾಗ, ಕಟ್ಟಿ ಮ್ಯಾಗ ಇಟ್ಟು;
ಸೊಸಿಗ ಬಸಿ ಸಮೇತ, ಕೈಯಾಗ.
ಯಾರೂ ಯಾರಿಗೂ ಏನೂ ಅನ್ನಲಿಲ್ಲ.
ಚಹಾದಾಗ ಸಕ್ರಿ ಜಾಸ್ತಿ ಇತ್ತು.

ನಾಳಿಗಿ ನೆಲ ಅಗೀಬೇಕು.
ಸುಣ್ಣದಿಂದ ಗುರುತು ಹಾಕಿದೆ, ತುಳಸಿ ಕಟ್ಟಿ ಎಡಕ್ಕ.
ಬಾಲ ಎಳೆದು ಸುತ್ತಿದೆ, ಕಣ್ಣು ಒರೆಸಿದೆ.
ಹೊರಗ ಬಂದದ್ದೇ ಅದಕ್ಕ ಆಕಾಶ ಸಿಕ್ಕಿತು,
ಸ್ಕ್ರೀನ್ ತುಂಬ ಪಾರಿವಾಳ.

ಚೀಲ ಹೆಗಲಿಗೇರಿಸುವಾಗ ಜಗದೇವಿ
ಮೊದಲ ಸಲ ಬಾಯಿ ಬಿಟ್ಟಳು:
"ಅಣ್ಣ, ಆ ವಿಡಿಯೋ
ನನ್ನ ಮೊಬೈಲಿಗಿ ಹಾಕ್ರಿ.
ಬರೀ ಒಂಬತ್ತಲ್ಲ,
ಐದೂವರೆಯಿಂದ ಹಾಕ್ರಿ."