ಸೀಸೆ ನಲವತ್ಮೂರು

ಮಂಚಮ್ಮ ಬಂದಿದ್ದಾಳೆ, ಪಾಂಡವಪುರದ ಬಸ್ಸಿಳಿದು.
ಗಂಗೋತ್ರಿಯ ಗೇಟಿನಲ್ಲಿ ನನ್ನ ಹೆಸರು ನೆನಪಾಗದೆ
"ಇಲಿ ಸಾಕೋ ಮೇಡಮ್ಮು" ಅಂದಳಂತೆ.
ವಾಚ್‌ಮನ್ ಸರಿಯಾಗೇ ಕಳಿಸಿದ್ದಾನೆ.

"ನನ್ ಸೊಪ್ಪು ಏನಾಯ್ತವ್ವ?"

ಹದಿನಾಲ್ಕು ತಿಂಗಳು.
ನಾಲೆ ಏರಿಯ ಮೇಲೆ ಅವಳು ಕಿತ್ತುಕೊಟ್ಟ ಹೊರೆ
ನೆರಳಲ್ಲಿ ಒಣಗಿ, ಪುಡಿಯಾಗಿ, ಮೆಥನಾಲಿನಲ್ಲಿ ನೆನೆದು,
ಗಾಜಿನ ಕೊಳವೆಯಲ್ಲಿ ಪಟ್ಟೆ ಪಟ್ಟೆಯಾಗಿ ಇಳಿದು,
ಹಸಿರು, ಕಂದು, ಆಮೇಲೆ ಎಳ್ಳೆಣ್ಣೆಯಂಥ ಹಳದಿ,
ಕೊನೆಗೆ ಉಳಿದದ್ದು ಸೀಸೆಯ ತಳದಲ್ಲಿ
ಉಗುರಿನಲ್ಲಿ ಎತ್ತಬಹುದಾದಷ್ಟು ಕಹಿ.

ಕೆಂಪು ಕಣದೊಳಗೆ ಕೂತ ನೀಲಿ ಉಂಗುರಗಳು,
ಹರಳು ಕೂರಿಸಿದಂಥವು, ನೋಡಲು ಚೆಂದ,
ಒಂದೇ ರಾತ್ರಿಯಲ್ಲಿ ಮುರುಟಿ ಚುಕ್ಕಿಯಾದವು.
ಬೆಳಗಿನ ಜಾವ ನಾಲ್ಕಕ್ಕೆ ಎಣಿಸಿದೆ,
ಮತ್ತೆ ಎಣಿಸಿದೆ.
ಕಾರಿಡಾರಿನಲ್ಲಿ ಯಾರೂ ಇರಲಿಲ್ಲ, ಕುಣಿಯಬಹುದಿತ್ತು.
ಕುಣಿದೆ, ಸ್ವಲ್ಪ.

ಆಮೇಲೆ ಇಲಿಗಳು.
ನಾಲ್ಕನೇ ದಿನ ರಕ್ತ ತಿಳಿಯಾಯಿತು.
ಒಂಬತ್ತನೇ ದಿನ ಆರರಲ್ಲಿ ನಾಲ್ಕು
ಹೊಟ್ಟಿನ ಮೇಲೆ ಪಕ್ಕಕ್ಕೆ ಮಲಗಿದ್ದವು.
ಕೊಯ್ದು ನೋಡಿದೆ: ಇಲಿಯ ಈಲಿ
ಹಳಸಿದ ಹುರುಳಿಕಟ್ಟಿನ ಬಣ್ಣ.

ಇಷ್ಟನ್ನು ಮಂಚಮ್ಮನಿಗೆ ಹೇಳಿದೆ, ತಡೆತಡೆದು.
ಅವಳಿಗೆ ಸಿಟ್ಟು ಬಂತು.
"ನಾಲೆ ನೀರು ಬಂದ ಕಾಲ್ದಲ್ಲಿ ಊರೇ ನಡುಗ್ತಿತ್ತಂತೆ,
ದಿನ ಬಿಟ್ಟು ದಿನ, ಮೂರು ಕಂಬ್ಳಿಗೂ ನಿಲ್ಲದಂಗೆ.
ಸರ್ಕಾರದ ಕಹಿಗುಳಿಗೆ ನಾಲಗೆ ಅಡಿ ಇಟ್ಕಂಡು
ಹಿತ್ಲಲ್ಲಿ ಉಗುದ್ಬುಟ್ಟು ನಮ್ಮತ್ತೆ ಅರ್ದ ಇದ್ನೇ ಕುಡೀತಿದ್ರು.
ಬದುಕುದ್ರು ಕಣವ್ವ."

"ಎಲ್ಲರೂ?" ಅಂದೆ.
ಕೇಳಬಾರದಿತ್ತು.

ಫ್ಯಾನು ತಿರುಗುತ್ತಿತ್ತು.
ಸೆರಗಿನ ತುದಿಯ ಗಂಟು ಬಿಚ್ಚಿದಳು, ಕಟ್ಟಿದಳು.
"ನಮ್ಮತ್ತೆಗೆ ಐದು ಮಕ್ಳು. ಉಳಿದೋನು ನನ್ ಗಂಡ ಒಬ್ಬ."
ಬಹಳ ಹೊತ್ತಿನ ಮೇಲೆ,
"ಜ್ವರ ತಗಂಡೋಯ್ತು ಅಂತಿದ್ರು."

ಜ್ವರವೋ, ಸೊಪ್ಪೋ.
ಬದುಕಿದವರು ತಾನೇ ಊರೂರಿಗೆ ಹೇಳಿಕೊಂಡು ಬಂದದ್ದು;
ಉಳಿದವರ ಮಾತು ಬರೆಯಲು
ನನ್ನ ಲೆಕ್ಕದ ಪುಸ್ತಕದಲ್ಲೂ ಕಾಲಂ ಇಲ್ಲ.

"ಬುಟ್ಬುಡ್ತೀಯಾ ಹಂಗಾರೆ?"
ಇಲ್ಲ ಎಂದೆ. ಕೊಲ್ಲುವ ತುಂಡು ಬೇರೆ, ಕಾಯುವ ತುಂಡು ಬೇರೆ
ಇದ್ದರೂ ಇರಬಹುದು ಅದರೊಳಗೆ.
ಪಕ್ಕದ ಬೆಂಚಿನ ಫೌಜಿಯಾ ಕತ್ತರಿಸಿ ನೋಡುತ್ತಾಳೆ.
ಎರಡು ವರ್ಷ. ಹತ್ತಾದರೂ ಆಗಬಹುದು. ಏನೂ ಆಗದೆಯೂ.

ಸೀಸೆ ಇಸಕೊಂಡು ಮೂಸಿದಳು.
"ನಾಲೆ ವಾಸ್ನೇನೇ ಇಲ್ವಲ್ಲ ಇದ್ರಲ್ಲಿ."
ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟು,
ಬಾಗಿಲ ಹತ್ತಿರ ನಿಂತು, ನನ್ನನ್ನಲ್ಲ, ಇಲಿ ಪಂಜರ ನೋಡುತ್ತಾ:

"ಯಾರಾದ್ರೂ ಕೇಳ್ಕಂಡ್ ಬಂದ್ರೆ ಇನ್ ಕೊಡಾಕಿಲ್ಲ ಬುಡು.
ನೀ ಹೇಳೋಗಂಟ."